ಅರ್ಜುನನ ಅಂಕಪಟ್ಟಿ

1965ರ ಸೆಪ್ಟೆಂಬರ್ 8ರಿಂದ 10ರವರೆಗೆ ಪಂಜಾಬಿನ ಖೇಮ್‌ಕರಣ್ ಬಳಿಯ ಅಸಲ್ ಉತ್ತರ್ ಎಂಬ ಹಳ್ಳಿಯ ಸುತ್ತ ಟ್ಯಾಂಕ್ ಕಾಳಗ ನಡೆಯಿತು. ಪಾಕಿಸ್ತಾನದ ಕಡೆ ಅಮೆರಿಕದಿಂದ ಬಂದ ಪ್ಯಾಟನ್ ಟ್ಯಾಂಕುಗಳಿದ್ದವು: ಸುಮಾರು 45 ಟನ್ ತೂಕ, 810 ಅಶ್ವಶಕ್ತಿಯ ಎಂಜಿನ್, 90 ಮಿ.ಮೀ. ತೋಪು. ಭಾರತದ ಕಡೆ ಬ್ರಿಟನ್ನಿನ ಸೆಂಚುರಿಯನ್: 50 ಟನ್ನಿಗೂ ಮೇಲೆ ತೂಕ, 650 ಅಶ್ವಶಕ್ತಿ, 84 ಮಿ.ಮೀ. ತೋಪು. ಅದರ ಜೊತೆಗೆ ಎರಡನೇ ಮಹಾಯುದ್ಧದ ಕಾಲದ ಶರ್ಮನ್, ಹಗುರವಾದ ಫ್ರೆಂಚ್ ಎಎಂಎಕ್ಸ್-13. ಟನ್ನಿಗೆ ಎಷ್ಟು ಅಶ್ವಶಕ್ತಿ ಎಂದು ಭಾಗಿಸಿ ನೋಡಿದರೆ ಪ್ಯಾಟನ್‌ಗೆ 18, ಸೆಂಚುರಿಯನ್‌ಗೆ 13ಕ್ಕೂ ಕಡಿಮೆ. ಈ ಅಂಕಪಟ್ಟಿಯನ್ನು ಒಂದು ವಿಡಿಯೊ ಗೇಮ್‌ನ ಮುಂದಿಟ್ಟರೆ ಅದು ಪ್ಯಾಟನ್ ಕಡೆಗೇ ಕೈ ತೋರಿಸುತ್ತದೆ.

ನಿಜದಲ್ಲಿ ಆದದ್ದೇ ಬೇರೆ. ಭಾರತೀಯ ಪಡೆ ಕಾಲುವೆಯ ನೀರನ್ನು ಹೊಲಗಳಿಗೆ ಹರಿಯಬಿಟ್ಟಿತ್ತು. ಆಳೆತ್ತರ ಬೆಳೆದಿದ್ದ ಕಬ್ಬಿನ ಮರೆಯಲ್ಲಿ ಲಾಳಾಕಾರವಾಗಿ ಟ್ಯಾಂಕುಗಳನ್ನು ನಿಲ್ಲಿಸಿತ್ತು. ಪ್ಯಾಟನ್‌ಗಳು ಕೆಸರಿನಲ್ಲಿ ಹೂತುಕೊಂಡವು, ಹೊರಳಲಾಗದೆ ಪಕ್ಕೆ ಕೊಟ್ಟು ನಿಂತವು. ಹವಾಲ್ದಾರ್ ಅಬ್ದುಲ್ ಹಮೀದ್ ಜೀಪಿನ ಮೇಲೆ ಕಟ್ಟಿದ 106 ಮಿ.ಮೀ. ತೋಪಿನಿಂದಲೇ ಹಲವು ಪ್ಯಾಟನ್‌ಗಳನ್ನು ಹೊಡೆದು ಹುತಾತ್ಮರಾದರು. ಪಾಕಿಸ್ತಾನ ಕಳೆದುಕೊಂಡ ಟ್ಯಾಂಕುಗಳ ಸಂಖ್ಯೆ ನೂರರ ಹತ್ತಿರ. ವಶಪಡಿಸಿಕೊಂಡ ಟ್ಯಾಂಕುಗಳನ್ನು ಸಾಲಾಗಿ ನಿಲ್ಲಿಸಿದ ಭಿಖಿವಿಂಡ್ ಬಳಿಯ ಜಾಗಕ್ಕೆ ‘ಪ್ಯಾಟನ್ ನಗರ’ ಎಂದೇ ಹೆಸರಾಯಿತು.

ವಾರ್ ಥಂಡರ್, ವರ್ಲ್ಡ್ ಆಫ್ ಟ್ಯಾಂಕ್ಸ್‌ನಂಥ ಆಟಗಳಿಗೆ ಭಾರತದ ಟ್ಯಾಂಕುಗಳೂ ಬರಲಿ ಎಂದು ನಮ್ಮ ಆಟಗಾರರು ಬಹಳ ಕಾಲದಿಂದ ಕೇಳುತ್ತಿದ್ದಾರೆ. ನ್ಯಾಯವಾದ ಕೋರಿಕೆ. ಆದರೆ ಅದರ ಹಿಂದೆ ಒಂದು ಭೌತವಿಜ್ಞಾನದ ಪ್ರಶ್ನೆ ಇದೆ. ಹತ್ತಾರು ಟನ್ ಉಕ್ಕಿನ ಯಂತ್ರವನ್ನು ಒಂದು ಸಂಖ್ಯೆಗಳ ಪಟ್ಟಿಯಾಗಿ ಇಳಿಸುವುದು ಹೇಗೆ? ಹಾಗೆ ಇಳಿಸುವಾಗ ಏನು ಉಳಿಯುತ್ತದೆ, ಏನು ಸೋರಿಹೋಗುತ್ತದೆ?

ಸಾಲಿನಲ್ಲಿ ಯಾರ್ಯಾರು

ಇಂಥ ಆಟಗಳಲ್ಲಿ ಒಂದೊಂದು ದೇಶಕ್ಕೂ ಒಂದು ಟೆಕ್ ಟ್ರೀ ಇರುತ್ತದೆ. ಬುಡದಲ್ಲಿ ಹಳೆಯ ಪುಟ್ಟ ಟ್ಯಾಂಕು, ತುದಿಯಲ್ಲಿ ಇಂದಿನದು. ಆಟಗಾರ ಒಂದೊಂದೇ ಕೊಂಬೆ ಹತ್ತಬೇಕು. ಭಾರತದ ಮರ ಕಟ್ಟಲು ಸಾಮಗ್ರಿಗೆ ಬರವಿಲ್ಲ. 1944ರಲ್ಲಿ ಇಂಫಾಲದಲ್ಲಿ ಜಪಾನೀಯರ ವಿರುದ್ಧ ಹೋರಾಡಿದ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಬುಡಕ್ಕೆ. ಆಮೇಲೆ ಶರ್ಮನ್, ಸೆಂಚುರಿಯನ್, ಎಎಂಎಕ್ಸ್-13. 1971ರ ನವೆಂಬರ್ 21ರಂದು ಗರೀಬ್‌ಪುರದಲ್ಲಿ ಪಾಕಿಸ್ತಾನದ ಚಾಫಿ ಟ್ಯಾಂಕುಗಳನ್ನು ಹೊಡೆದುರುಳಿಸಿದ, ನೀರಿನಲ್ಲಿ ತೇಲಬಲ್ಲ ಪಿಟಿ-76. ಚೆನ್ನೈ ಬಳಿಯ ಆವಡಿಯಲ್ಲಿ ತಯಾರಾದ ವಿಜಯಂತ. ಅದೇ ಆವಡಿಯಲ್ಲಿ ಲೈಸೆನ್ಸ್ ಪಡೆದು ಕಟ್ಟಿದ ಟಿ-72 ಅಜೇಯ, ಟಿ-90 ಭೀಷ್ಮ. ನಮ್ಮದೇ ವಿನ್ಯಾಸದ ಅರ್ಜುನ್. ತುದಿಯಲ್ಲಿ 2024ರ ಜುಲೈಯಲ್ಲಿ ಗುಜರಾತಿನ ಹಜೀರಾದಲ್ಲಿ ಅನಾವರಣಗೊಂಡ ಹಗುರ ಟ್ಯಾಂಕು ಜೋರಾವರ್.

ತೊಡಕು ಇರುವುದು ಇನ್ನೊಂದು ಕಡೆ. ಈ ಪಟ್ಟಿಯ ಬಹುಪಾಲು ಬೇರೆ ದೇಶಗಳ ಮರಗಳಲ್ಲಿ ಆಗಲೇ ನೇತಾಡುತ್ತಿದೆ. ಸ್ಟುವರ್ಟ್, ಶರ್ಮನ್ ಅಮೆರಿಕದವು, ಸೆಂಚುರಿಯನ್ ಬ್ರಿಟನ್ನಿನದು, ಪಿಟಿ-76 ಸೋವಿಯತ್ ಒಕ್ಕೂಟದ್ದು. ಬಣ್ಣ ಬದಲಿಸಿ ಮತ್ತೆ ಮಾರಿದರೆ ನಕಲು ಎಂದು ಆಟಗಾರರೇ ಬೈಯುತ್ತಾರೆ. ಆದ್ದರಿಂದ ಕಂಪನಿಗಳು ಹಿಡಿದದ್ದು ನಡುದಾರಿ: ವಾರ್ ಥಂಡರ್‌ನಲ್ಲಿ ವಿಜಯಂತ ಮತ್ತು ಭೀಷ್ಮ ಬ್ರಿಟನ್ನಿನ ಮರದಲ್ಲಿ ಸೇರಿಕೊಂಡಿವೆ. ವಿಜಯಂತದ ಮಟ್ಟಿಗೆ ಇದಕ್ಕೆ ಕಾರಣವೂ ಇದೆ. 1961ರಲ್ಲಿ ಭಾರತ ಬ್ರಿಟನ್ನಿನ ವಿಕರ್ಸ್ ಕಂಪನಿಯೊಂದಿಗೆ ಮಾಡಿಕೊಂಡ ಒಪ್ಪಂದದಿಂದಲೇ ಆ ಟ್ಯಾಂಕು ಹುಟ್ಟಿತು. ರಷ್ಯದ ಟಿ-90 ಬ್ರಿಟನ್ನಿನ ಕೊಂಬೆಗೆ ಹತ್ತಿದ್ದು ಮಾತ್ರ ಆಟದ ಅನುಕೂಲಕ್ಕೆ.

ಓರೆ ನಿಂತ ಉಕ್ಕು

ಟ್ಯಾಂಕನ್ನು ಅಂಕಿಗೆ ಇಳಿಸುವ ಮೊದಲ ಹೆಜ್ಜೆ ಕವಚ. ಇಲ್ಲಿ ಬೇಕಾದದ್ದು ಹೈಸ್ಕೂಲಿನ ತ್ರಿಕೋನಮಿತಿ ಅಷ್ಟೇ. 80 ಮಿ.ಮೀ. ದಪ್ಪದ ಉಕ್ಕಿನ ತಟ್ಟೆ ನೆಟ್ಟಗೆ ನಿಂತಿದ್ದರೆ ಎದುರಿನಿಂದ ಬಂದ ಗುಂಡು 80 ಮಿ.ಮೀ. ಕೊರೆಯಬೇಕು. ಅದೇ ತಟ್ಟೆಯನ್ನು ಲಂಬದಿಂದ 60 ಡಿಗ್ರಿ ಹಿಂದಕ್ಕೆ ಓರೆ ಮಾಡಿದರೆ ಗುಂಡಿನ ದಾರಿಯಲ್ಲಿ ಸಿಗುವ ಉಕ್ಕು 160 ಮಿ.ಮೀ. ದಪ್ಪವನ್ನು ಕೋನದ ಕೊಸೈನ್‌ನಿಂದ ಭಾಗಿಸಿದರೆ ಉತ್ತರ ಬರುತ್ತದೆ. 68 ಡಿಗ್ರಿಗೆ ಹೋದರೆ ಅದೇ ತಟ್ಟೆ ಸುಮಾರು 214 ಮಿ.ಮೀ.ಗೆ ಸಮ. ಹಗುರ ಟ್ಯಾಂಕಿಗೂ ಗಟ್ಟಿ ಮುಖ ಕೊಡಲು ವಿನ್ಯಾಸಕಾರರು ಓರೆಯನ್ನು ನೆಚ್ಚುವುದು ಇದಕ್ಕೇ.

ಗುಂಡು ಈ ದಪ್ಪವನ್ನು ದಾಟುತ್ತದೆಯೇ ಎಂಬುದಕ್ಕೆ ಆಟಗಳು ಹಳೆಯ ತೋಪುಶಾಸ್ತ್ರದ ಸೂತ್ರಗಳನ್ನೇ ಬಳಸುತ್ತವೆ. ಘನ ಉಕ್ಕಿನ ಗುಂಡುಗಳಿಗೆ ವಾರ್ ಥಂಡರ್ ಹಿಡಿದದ್ದು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಡಿ ಮಾರ್ ಕೊಟ್ಟ ಸಮೀಕರಣವನ್ನು. ಗುಂಡಿನ ತೂಕ, ವೇಗ, ವ್ಯಾಸ ಕೊಟ್ಟರೆ ಎಷ್ಟು ಉಕ್ಕನ್ನು ತೂರುತ್ತದೆ ಎಂದು ಅದು ಹೇಳುತ್ತದೆ. ವರ್ಲ್ಡ್ ಆಫ್ ಟ್ಯಾಂಕ್ಸ್ ಇದರ ಮೇಲೆ ಅದೃಷ್ಟವನ್ನೂ ಸೇರಿಸುತ್ತದೆ: ಪ್ರತಿ ಹೊಡೆತದ ತೂರುಬಲ ನಿಗದಿತ ಸಂಖ್ಯೆಯಿಂದ ಶೇ 25ರಷ್ಟು ಮೇಲೆ ಅಥವಾ ಕೆಳಗೆ ಜಾರಬಹುದು.

ವಿಜಯಂತದ ಅಂಕಪಟ್ಟಿ ಈ ಹಂತದಲ್ಲಿ ಸುಲಭವಾಗಿ ಸಿದ್ಧವಾಗುತ್ತದೆ. ಸುಮಾರು 39 ಟನ್ ತೂಕ, ಅತಿ ಹೆಚ್ಚೆಂದರೆ 80 ಮಿ.ಮೀ. ಕವಚ, ಗಂಟೆಗೆ 48 ಕಿ.ಮೀ. ವೇಗ, 105 ಮಿ.ಮೀ.ನ ಪ್ರಸಿದ್ಧ ಎಲ್7 ತೋಪು. ಕವಚವನ್ನು ತೆಳುವಾಗಿಸಿ, ಆ ಉಳಿತಾಯವನ್ನು ತೋಪಿಗೂ ಓಟಕ್ಕೂ ಕೊಟ್ಟ ವಿನ್ಯಾಸ. ಆಟದಲ್ಲೂ ಅದರ ಬಾಳು ಹಾಗೇ: ಮೊದಲು ಕಾಣಬೇಕು, ಮೊದಲು ಹೊಡೆಯಬೇಕು, ಹೊಡೆದು ಮರೆಯಾಗಬೇಕು.

ತೋಪಿನ ಒಳಗೋಡೆ

ಅರ್ಜುನ್ ಬಂದಾಗ ಲೆಕ್ಕ ಕಗ್ಗಂಟಾಗುತ್ತದೆ. ಟಿ-90ರ 125 ಮಿ.ಮೀ. ತೋಪಿನ ಒಳಗೋಡೆ ನುಣುಪು. ಅರ್ಜುನ್‌ನ 120 ಮಿ.ಮೀ. ತೋಪಿನ ಒಳಗೆ ಸುರುಳಿ ಗೀರುಗಳಿವೆ. ಗೀರುಗಳಿದ್ದರೆ ಗುಂಡು ಗಿರಗಿರನೆ ತಿರುಗುತ್ತಾ ಹೊರಡುತ್ತದೆ, ತಿರುಗುವ ವಸ್ತು ಗಾಳಿಯಲ್ಲಿ ದಿಕ್ಕು ಬಿಡುವುದಿಲ್ಲ. ಹಾಗಾದರೆ ಉಳಿದ ದೇಶಗಳು ಗೀರನ್ನು ಕೈಬಿಟ್ಟದ್ದೇಕೆ?

ಇಂದಿನ ಟ್ಯಾಂಕುಗಳ ಮುಖ್ಯ ಗುಂಡು ಉದ್ದನೆಯ, ತೆಳ್ಳನೆಯ ಒಂದು ಲೋಹದ ಸರಳು. ಹೆಚ್ಚಾಗಿ ಟಂಗ್‌ಸ್ಟನ್ ಮಿಶ್ರಲೋಹದ್ದು, ಬಾಲಕ್ಕೆ ರೆಕ್ಕೆಗಳಿವೆ, ಸೆಕೆಂಡಿಗೆ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ವೇಗ. ಆ ವೇಗದಲ್ಲಿ ಬಡಿದಾಗ ಉಕ್ಕೂ ಸರಳೂ ಎರಡೂ ಹೆಚ್ಚುಕಡಿಮೆ ದ್ರವಗಳಂತೆ ವರ್ತಿಸುತ್ತವೆ. ಸರಳು ತನ್ನನ್ನೇ ಸವೆಸಿಕೊಳ್ಳುತ್ತಾ ಒಳಹೋಗುತ್ತದೆ. ಆಗ ತೂರುವ ಆಳವನ್ನು ಮುಖ್ಯವಾಗಿ ಎರಡು ಸಂಗತಿಗಳು ನಿರ್ಧರಿಸುತ್ತವೆ: ಸರಳಿನ ಉದ್ದ ಮತ್ತು ಎರಡು ಲೋಹಗಳ ಸಾಂದ್ರತೆಯ ಅನುಪಾತದ ವರ್ಗಮೂಲ. ಟಂಗ್‌ಸ್ಟನ್ ಮಿಶ್ರಲೋಹದ ಸಾಂದ್ರತೆ ಸುಮಾರು 17.5, ಉಕ್ಕಿನದು 7.85. ಅನುಪಾತದ ವರ್ಗಮೂಲ ಸುಮಾರು 1.5. ಅಂದರೆ 500 ಮಿ.ಮೀ. ಉದ್ದದ ಸರಳು ಈ ಆದರ್ಶ ಲೆಕ್ಕದಲ್ಲಿ 750 ಮಿ.ಮೀ. ಉಕ್ಕನ್ನು ಮುಟ್ಟಬಹುದು. ನಿಜದಲ್ಲಿ ಉಕ್ಕಿನ ಗಡಸುತನ ಅಡ್ಡ ಬಂದು ಆಳ ತಗ್ಗುತ್ತದೆ. ಈ ತಗ್ಗುವಿಕೆಯನ್ನು ಪ್ರಯೋಗಗಳಿಂದ ಅಳೆದು ಲಾಂಜ್ ಮತ್ತು ಓಡರ್‌ಮಾಟ್ ಸೂತ್ರ ಕಟ್ಟಿದರು. ಆಧುನಿಕ ಗುಂಡುಗಳಿಗೆ ವಾರ್ ಥಂಡರ್ ಬಳಸುವುದು ಅದನ್ನೇ.

ಉದ್ದನೆಯ ಸರಳಿಗೆ ತಿರುಗುವುದು ಒಗ್ಗದು. ಅದಕ್ಕೇ ಗೀರು ತೋಪಿನಲ್ಲಿ ಸರಳು ಹಾರಿಸುವಾಗ ಜಾರುಬಳೆ ಹಾಕಿ ತಿರುಗುವಿಕೆಯನ್ನು ತಪ್ಪಿಸುತ್ತಾರೆ. ಗೀರು ತೋಪಿಗೆ ಒಲಿಯುವ ಗುಂಡು ಬೇರೆಯೇ ಇದೆ, ಹೆಸರು ಹೆಶ್. ಮೆತ್ತನೆಯ ಸ್ಫೋಟಕ ತುಂಬಿದ ಈ ಗುಂಡು ಕವಚಕ್ಕೆ ಬಡಿದಾಗ ಗೋಡೆಗೆ ಬೆರಣಿ ತಟ್ಟಿದಂತೆ ಅಗಲವಾಗಿ ಅಂಟಿಕೊಳ್ಳುತ್ತದೆ. ತಿರುಗುತ್ತಿದ್ದರೆ ಇನ್ನೂ ಚೆನ್ನಾಗಿ ಹರಡುತ್ತದೆ. ಮರುಕ್ಷಣ ಹಿಂಬದಿಯಿಂದ ಸ್ಫೋಟ. ಆಘಾತದ ಅಲೆ ಉಕ್ಕಿನೊಳಗೆ ಓಡಿ, ಒಳಮೈಗೆ ಬಡಿದು, ಹಿಮ್ಮರಳುವಾಗ ಒತ್ತುವ ಅಲೆ ಎಳೆಯುವ ಅಲೆಯಾಗಿ ಮಾರ್ಪಡುತ್ತದೆ. ಉಕ್ಕು ಒತ್ತಡವನ್ನು ತಾಳುವಷ್ಟು ಸೆಳೆತವನ್ನು ತಾಳದು. ಹೊರಗೆ ತೂತೇ ಬೀಳದಿದ್ದರೂ ಒಳಮೈಯಿಂದ ಚಕ್ಕೆಗಳು ಕಿತ್ತು ಸಿಬ್ಬಂದಿಯ ಮೇಲೆ ಹಾರುತ್ತವೆ. ಬಂಕರ್, ಕಟ್ಟಡ, ಹಗುರ ವಾಹನಗಳ ಮೇಲೆ ಒಂದೇ ಬಗೆಯ ಗುಂಡು ಸಾಕಾಗುವುದರಿಂದ ಬ್ರಿಟನ್ ಮತ್ತು ಭಾರತ ಗೀರು ತೋಪನ್ನು ಬಹಳ ಕಾಲ ಉಳಿಸಿಕೊಂಡವು.

ಆಟದಲ್ಲಿ ಹೆಶ್ ಬಡಕಲಾಗುತ್ತದೆ. ಪದರ ಪದರದ ಕವಚ ಅಲೆಯನ್ನು ನಡುವೆಯೇ ತುಂಡರಿಸುವುದರಿಂದ ಟ್ಯಾಂಕಿನೆದುರು ಅದರ ಶಕ್ತಿ ಕಡಿಮೆ. ಇದು ನಿಜವೇ. ಆದರೆ ಆಟದ ನಕ್ಷೆಯಲ್ಲಿ ಟ್ಯಾಂಕು ಕೆಡವಬೇಕಾದ ಬಂಕರುಗಳಾಗಲಿ ಕಾಲಾಳುಗಳು ಅಡಗಿದ ಮನೆಗಳಾಗಲಿ ಹೆಚ್ಚುಕಡಿಮೆ ಇರುವುದೇ ಇಲ್ಲ. ಅರ್ಜುನ್‌ನ ತೋಪನ್ನು ಆರಿಸಿದ ಕಾರಣವೇ ಪರದೆಯ ಹೊರಗೆ ಉಳಿದುಬಿಡುತ್ತದೆ.

ಗುಟ್ಟಿನ ತಟ್ಟೆ

ಅರ್ಜುನ್‌ನ ಮುಖಕ್ಕೆ ಹೊದಿಸಿರುವುದು ಕಾಂಚನ್ ಎಂಬ ಸಂಯುಕ್ತ ಕವಚ. ಹೈದರಾಬಾದಿನ ಕಾಂಚನ್‌ಬಾಗ್‌ನಲ್ಲಿರುವ ರಕ್ಷಣಾ ಲೋಹಶಾಸ್ತ್ರ ಸಂಶೋಧನಾಲಯ ರೂಪಿಸಿದ್ದು. ಉಕ್ಕಿನ ತಟ್ಟೆಗಳ ನಡುವೆ ಬೇರೆ ವಸ್ತುಗಳ ಪದರಗಳಿವೆ ಎಂಬಷ್ಟು ಮಾತ್ರ ಬಹಿರಂಗ. ಯಾವ ವಸ್ತು, ಎಷ್ಟು ದಪ್ಪ, ಯಾವ ಕೋನ ಎಂಬುದು ಗುಟ್ಟು. ಹಾಗಿರಲೇಬೇಕು.

ಆಟಕ್ಕೆ ಮಾತ್ರ ಅಂಕಿ ಬೇಕು. ಪ್ರತಿ ಸಂಯುಕ್ತ ಕವಚಕ್ಕೂ ಅದು ಎರಡು ಸಂಖ್ಯೆ ಕೊಡುತ್ತದೆ: ಸರಳಿನ ಎದುರು ಇಷ್ಟು ಮಿ.ಮೀ. ಉಕ್ಕಿಗೆ ಸಮ, ಸ್ಫೋಟಕದ ಬಲದಿಂದ ಚಿಮ್ಮುವ ಲೋಹದ ಜೆಟ್ಟಿನ ಎದುರು ಇಷ್ಟಕ್ಕೆ ಸಮ. ಈ ಎರಡನ್ನು ಊಹಿಸಲು ತಯಾರಕರು ಫೋಟೊಗಳಿಂದ ದಪ್ಪ ಅಳೆಯುತ್ತಾರೆ, ತೂಕದಿಂದ ಹಿಮ್ಮುಖವಾಗಿ ಲೆಕ್ಕ ಹಾಕುತ್ತಾರೆ, ಸಮಕಾಲೀನ ಟ್ಯಾಂಕುಗಳ ಅಂದಾಜನ್ನು ಎರವಲು ಪಡೆಯುತ್ತಾರೆ. ಕೊನೆಗೆ ಆಟ ಒಂದೇ ಕಡೆಗೆ ವಾಲದಂತೆ ತುಸು ತಿದ್ದುತ್ತಾರೆ. ಹೀಗೆ ಬಂದ ಸಂಖ್ಯೆ ಎಂಜಿನ್ನಿನ ಅಶ್ವಶಕ್ತಿಯ ಪಕ್ಕದಲ್ಲೇ, ಅದೇ ಅಕ್ಷರದಲ್ಲಿ ಅಚ್ಚಾಗುತ್ತದೆ. ಒಂದು ಅಳತೆ, ಇನ್ನೊಂದು ಅಂದಾಜು. ನೋಡುವವನಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಈ ಕುರುಡುತನ ಅಪಾಯಕ್ಕೂ ಎಡೆಮಾಡಿದೆ. ತಮ್ಮ ನೆಚ್ಚಿನ ಟ್ಯಾಂಕಿಗೆ ಅನ್ಯಾಯವಾಗಿದೆ ಎಂದು ಸಾಧಿಸುವ ಭರದಲ್ಲಿ 2021ರಲ್ಲಿ ಬ್ರಿಟನ್ನಿನ ಚಾಲೆಂಜರ್ 2 ಮತ್ತು ಫ್ರಾನ್ಸಿನ ಲೆಕ್ಲೇರ್ ಟ್ಯಾಂಕುಗಳ, 2022ರಲ್ಲಿ ಚೀನಾದ ಒಂದು ಟ್ಯಾಂಕ್ ಗುಂಡಿನ ಮಿಲಿಟರಿ ಮಾಹಿತಿಯನ್ನು ಆಟಗಾರರು ಅಂತರಜಾಲಕ್ಕೆ ಹಾಕಿದರು. ವಾರ್ ಥಂಡರ್ ತಯಾರಿಸುವ ಗೈಜಿನ್ ಕಂಪನಿ ಅವನ್ನು ಅಳಿಸಿಹಾಕಿ, ಗುಟ್ಟಿನ ದಾಖಲೆಗಳನ್ನು ಬಳಸುವುದಿಲ್ಲ ಎಂದಿತು. ಅರ್ಜುನ್ ಆಟಕ್ಕೆ ಬಂದರೆ ನಮ್ಮಲ್ಲೂ ಅಂಥ ಉತ್ಸಾಹಿಗಳು ಹುಟ್ಟಬಹುದು. ನಮ್ಮ ಅಧಿಕೃತ ರಹಸ್ಯಗಳ ಕಾಯ್ದೆ 1923ರದು, ಇಂದಿಗೂ ಜಾರಿಯಲ್ಲಿದೆ. ಆಟದ ಒಂದು ಅಂಕಿಗಾಗಿ ಜೈಲು ಕಾಣುವ ಹುಚ್ಚು ಯಾರಿಗೂ ಬೇಡ.

ಮರಳು, ಏರು, ಗಾಳಿ

ಭಾರತದ ಟ್ಯಾಂಕುಗಳ ಕಥೆ ನಿಜವಾಗಿ ಬಿಚ್ಚಿಕೊಳ್ಳುವುದು ಓಟದಲ್ಲಿ. 58.5 ಟನ್ನಿನ ಅರ್ಜುನ್‌ಗೆ 1,400 ಅಶ್ವಶಕ್ತಿಯ ಜರ್ಮನ್ ಎಂಜಿನ್, ಟನ್ನಿಗೆ ಸುಮಾರು 24. ಮುಂದಿನ ಅವತಾರವಾದ ಮಾರ್ಕ್-1ಎ ಸುಮಾರು 68 ಟನ್ನಿಗೆ ಏರಿತು, ಎಂಜಿನ್ ಅಷ್ಟೇ ಶಕ್ತಿಯದಾಗಿ ಉಳಿಯಿತು. ಟನ್ನಿಗೆ 20.6. ಟಿ-90 ಎಸ್‌ಗೆ 46.5 ಟನ್, 1,000 ಅಶ್ವಶಕ್ತಿ, 21.5.

ರಾಜಸ್ಥಾನದ ಮರಳುದಿಬ್ಬದ ಮೇಲೆ ಈ ಅಂಕಿಗಳ ಅರ್ಥವೇನು? ಒಂದು ಲೆಕ್ಕ ಮಾಡೋಣ. 100 ಮೀಟರ್ ಸಾಗಿದರೆ 10 ಮೀಟರ್ ಏರುವ ದಾರಿ. ಸಡಿಲ ಮರಳು ತೂಕದ ಶೇ 10ರಷ್ಟು ಹಿಂದಕ್ಕೆ ಎಳೆಯುತ್ತದೆ ಎನ್ನೋಣ. ಎಂಜಿನ್ ಶಕ್ತಿಯ ಶೇ 70 ಮಾತ್ರ ಟ್ರ್ಯಾಕ್ ತಲುಪುತ್ತದೆ ಎಂದಿಟ್ಟುಕೊಳ್ಳೋಣ. ಎಳೆತ ತೂಕದ ಐದನೇ ಒಂದು ಪಾಲು. ಶಕ್ತಿಯನ್ನು ಎಳೆತದಿಂದ ಭಾಗಿಸಿದರೆ ವೇಗ. 535 ಅಶ್ವಶಕ್ತಿಯ ವಿಜಯಂತ ಗಂಟೆಗೆ ಸುಮಾರು 13 ಕಿ.ಮೀ. ಏರುತ್ತದೆ, ಟಿ-90 ಎಸ್ ಸುಮಾರು 20, ಅರ್ಜುನ್ 22ಕ್ಕೂ ಮೇಲೆ, ಮಾರ್ಕ್-1ಎ 20ಕ್ಕಿಂತ ತುಸು ಕಡಿಮೆ. ಹತ್ತು ಟನ್ ಹೆಚ್ಚುವರಿ ಹೊರೆ ತಿಂದದ್ದು ಇಲ್ಲಿ ನೇರವಾಗಿ ಕಾಣುತ್ತದೆ.

ನೆಲದ ಮೇಲಿನ ಒತ್ತಡದ ಲೆಕ್ಕ ಇನ್ನೂ ಸ್ವಾರಸ್ಯಕರ. ಅಗಲವಾದ ಟ್ರ್ಯಾಕಿನ ಅರ್ಜುನ್ ಚದರ ಸೆಂಟಿಮೀಟರಿಗೆ 0.84 ಕಿಲೊ ಒತ್ತುತ್ತದೆ, ಅದಕ್ಕಿಂತ 12 ಟನ್ ಹಗುರವಾದ ಟಿ-90 ಒತ್ತುವುದು 0.9ಕ್ಕೂ ಹೆಚ್ಚು. ಹೂಳುವುದನ್ನು ನಿರ್ಧರಿಸುವುದು ಬರಿಯ ತೂಕವಲ್ಲ, ತೂಕ ಹಂಚಿಕೆಯಾದ ವಿಸ್ತೀರ್ಣ. ಅದರ ಜೊತೆಗೆ ಮಣ್ಣಿನ ಸ್ಥಿತಿ. ಒಣಗಿದ ಜೇಡಿಮಣ್ಣು ಹೊರುವ ಭಾರವನ್ನು ನೀರು ಕುಡಿದ ಅದೇ ಮಣ್ಣು ಹೊರಲಾರದು. ಕಣಗಳ ಸಂದಿಯಲ್ಲಿ ಸಿಕ್ಕಿಕೊಂಡ ನೀರೇ ಭಾರದ ಒಂದು ಪಾಲನ್ನು ಹೊರತೊಡಗಿದಾಗ ಕಣಕ್ಕೆ ಕಣ ಒತ್ತಿ ನಿಲ್ಲುವ ಘರ್ಷಣೆ ಕಳಚಿಬೀಳುತ್ತದೆ. ಖೇಮ್‌ಕರಣ್‌ನ ಹೊಲಗಳಲ್ಲಿ ಪ್ಯಾಟನ್‌ನ ಅಂಕಗಳನ್ನು ಕಳೆದದ್ದು ಈ ಭೌತಶಾಸ್ತ್ರ.

ಮೂರನೆಯದು ಗಾಳಿ. 1948ರ ನವೆಂಬರ್ 1ರಂದು ಅದೇ 7ನೇ ಕ್ಯಾವಲ್ರಿಯ ಸ್ಟುವರ್ಟ್‌ಗಳು ಸುಮಾರು 3,500 ಮೀಟರ್ ಎತ್ತರದ, ಕಾಶ್ಮೀರದ ಜೋಜಿಲಾ ಕಣಿವೆಯನ್ನು ಭೇದಿಸಿದವು. ಸುದ್ದಿ ಹೊರಬೀಳದಂತೆ ಗೋಪುರಗಳನ್ನು ಬಿಚ್ಚಿ ಸಾಗಿಸಿ, ಮೇಲೆ ಮತ್ತೆ ಜೋಡಿಸಲಾಗಿತ್ತು. ಆ ಕಾರ್ಯಾಚರಣೆ ನಡೆಸಿದ್ದು ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ. ಎಸ್. ತಿಮ್ಮಯ್ಯ, ಅದೂ ಮುಂಚೂಣಿಯ ಟ್ಯಾಂಕಿನಲ್ಲಿ ಕುಳಿತು. ಆ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇ 70 ಮಾತ್ರ. ಗಾಳಿಯನ್ನು ತಾನೇ ಎಳೆದುಕೊಳ್ಳುವ ಎಂಜಿನ್ ಅಷ್ಟೇ ಪ್ರಮಾಣದ ಆಮ್ಲಜನಕ ಕಳೆದುಕೊಳ್ಳುತ್ತದೆ, ಶಕ್ತಿಯೂ ಹತ್ತಿರ ಹತ್ತಿರ ಅಷ್ಟೇ ಕುಸಿಯುತ್ತದೆ. 4,500 ಮೀಟರಿನಲ್ಲಿ ಸಾಂದ್ರತೆ ಶೇ 63ಕ್ಕೆ ಇಳಿಯುತ್ತದೆ. ಟರ್ಬೊ ಇದನ್ನು ಒಂದಷ್ಟು ತುಂಬಿಕೊಡುತ್ತದೆ, ಪೂರ್ತಿ ಅಲ್ಲ.

ಜೋರಾವರ್ ಹುಟ್ಟಿದ್ದು ಈ ಲೆಕ್ಕದಿಂದ. 25 ಟನ್ ತೂಕ, 760 ಅಶ್ವಶಕ್ತಿ, ಟನ್ನಿಗೆ 30. ಲಡಾಖಿನ ತೆಳುಗಾಳಿ ಮೂರನೇ ಒಂದು ಪಾಲು ಕಿತ್ತುಕೊಂಡರೂ ಟನ್ನಿಗೆ 20 ಉಳಿಯುತ್ತದೆ, ಅಂದರೆ ಬಯಲಿನಲ್ಲಿ ಮಾರ್ಕ್-1ಎ ಓಡುವಷ್ಟು. ಮರುಭೂಮಿಯ ಬಿಸಿಗೂ ಇದೇ ನ್ಯಾಯ. 45 ಡಿಗ್ರಿ ಸೆಲ್ಸಿಯಸ್‌ನ ಗಾಳಿ 15 ಡಿಗ್ರಿಯದಕ್ಕಿಂತ ಶೇ 9ರಷ್ಟು ತೆಳು. ಎಂಜಿನ್ನಿನಷ್ಟೇ ಬಿಸಿ ತಿನ್ನುವುದು ಎಲೆಕ್ಟ್ರಾನಿಕ್ಸ್. ಟಿ-90 ಭಾರತಕ್ಕೆ ಬಂದ ಮೊದಲ ವರ್ಷಗಳಲ್ಲಿ ಅದರ ಥರ್ಮಲ್ ದರ್ಶಕಗಳು ರಾಜಸ್ಥಾನದ ಸೆಕೆಗೆ ಕೆಟ್ಟು ತಲೆನೋವಾಗಿದ್ದವು.

ಕೊನೆಗೆ ಸೇತುವೆ. ಪಂಜಾಬಿನ ಗಡಿಯುದ್ದಕ್ಕೂ ಕಾಲುವೆಗಳ ಜಾಲ. 68 ಟನ್ನಿನ ಟ್ಯಾಂಕು ಎಲ್ಲ ಸೇತುವೆಗಳನ್ನೂ ದಾಟಲಾರದು. ರೈಲಿನಲ್ಲಿ ಸಾಗಿಸಲು 3.86 ಮೀಟರ್ ಅಗಲವೂ ತೊಡಕು. ಕೆಟ್ಟು ನಿಂತ ಟ್ಯಾಂಕನ್ನು ಎಳೆದು ತರುವ ವಾಹನ ಬೇರೆ ಬೇಕು. ಇವು ಯಾವುವೂ ಆಟದ ಪರದೆಯ ಮೇಲೆ ಬರುವುದಿಲ್ಲ. ಅಲ್ಲಿ ಟ್ಯಾಂಕು ರಣರಂಗದಲ್ಲೇ ಉದ್ಭವಿಸುತ್ತದೆ.

ಕಾಣದ ಸಾಲುಗಳು

2010ರ ಮಾರ್ಚಿನಲ್ಲಿ ರಾಜಸ್ಥಾನದಲ್ಲಿ ಅರ್ಜುನ್ ಮತ್ತು ಟಿ-90ಗಳನ್ನು ಸೇನೆ ಎದುರುಬದುರು ಪರೀಕ್ಷಿಸಿತು. 1974ರಲ್ಲಿ ಮಂಜೂರಾದ ಅರ್ಜುನ್ ಯೋಜನೆಗೆ ಅಲ್ಲಿ ಒಳ್ಳೆಯ ಹೆಸರು ಬಂತು. ಆದರೂ ಸೇನೆ ಕೊಂಡದ್ದು ಮೊದಲ ಮಾದರಿಯ 124, ಆಮೇಲೆ 2021ರಲ್ಲಿ ಮಾರ್ಕ್-1ಎಯ 118. ಟಿ-90ಗಳು ಸಾವಿರದ ಲೆಕ್ಕದಲ್ಲಿ ಬಂದವು. ತೋಪು, ಕವಚ, ವೇಗಗಳ ಅಂಕಪಟ್ಟಿಯೊಂದನ್ನೇ ನೋಡಿದರೆ ಇದು ಅರ್ಥವಾಗುವುದಿಲ್ಲ. ಸೇತುವೆ, ರೈಲು, ಬಿಡಿಭಾಗ, ಆಮದು ಎಂಜಿನ್, ಆಗಲೇ ನಡೆಯುತ್ತಿದ್ದ ಕಾರ್ಖಾನೆ ಸಾಲು, ತರಬೇತಿ ಪಡೆದ ಸಿಬ್ಬಂದಿ ಇವನ್ನೂ ಸೇರಿಸಿದಾಗಲೇ ಚಿತ್ರ ಪೂರ್ತಿಯಾಗುತ್ತದೆ.

ಟ್ಯಾಂಕು ಒಂದು ನಿರ್ದಿಷ್ಟ ನೆಲ, ಹವೆ, ಶತ್ರು, ಖಜಾನೆ ಇಷ್ಟಕ್ಕೆ ಎಂಜಿನಿಯರುಗಳು ಕೊಟ್ಟ ಉತ್ತರ. ಆಟ ಉತ್ತರವನ್ನು ಎತ್ತಿಕೊಂಡು ಪ್ರಶ್ನೆಯನ್ನು ಬಿಟ್ಟುಬಿಡುತ್ತದೆ. ಯುರೋಪಿನ ಹುಲ್ಲುಗಾವಲಿನಂಥ ನಕ್ಷೆಗಳಲ್ಲಿ ಜೋರಾವರ್ ತೆಳು ಕವಚದ ಬಡಪಾಯಿ, ಅರ್ಜುನ್ ದೊಡ್ಡ ಗುರಿ. ಅವುಗಳ ಗುಣ ಕಾಣಬೇಕಾದರೆ ಥಾರ್ ಮರುಭೂಮಿಯೂ ಕಬ್ಬಿನ ಗದ್ದೆಯೂ ಲಡಾಖಿನ ಚಾಂಗ್‌ಥಾಂಗ್ ಪ್ರಸ್ಥಭೂಮಿಯೂ ಬರಬೇಕು. ಬರಿಯ ಚಿತ್ರವಾಗಿ ಬಂದರೆ ಸಾಲದು. ಎಂಜಿನ್ ಶಕ್ತಿ ಎತ್ತರಕ್ಕೆ ತಕ್ಕಂತೆ ಇಳಿಯಬೇಕು, ನೀರುಂಡ ಮಣ್ಣಿನಲ್ಲಿ ಟ್ರ್ಯಾಕು ಜಾರಬೇಕು. ವಿಮಾನಗಳಿಗೆ ಎತ್ತರದ ಲೆಕ್ಕವನ್ನು ವಾರ್ ಥಂಡರ್ ಬಹಳ ಹಿಂದೆಯೇ ಅಳವಡಿಸಿದೆ, ಆದ್ದರಿಂದ ಇದು ಆಗದ ಮಾತಲ್ಲ. ಭಾರತದ ಆಟಗಾರರು ಕೇಳುವುದಾದರೆ ಟ್ಯಾಂಕಿನ ಜೊತೆಗೆ ಅದರ ನೆಲವನ್ನೂ ಕೇಳಬೇಕು.

ಅಲ್ಲಿಯವರೆಗೆ ಓದುಗರಿಗೆ ಒಂದು ಮಾತು. ಆಟದಲ್ಲಿ ಆಗಲಿ, ಪತ್ರಿಕೆಯ ಹೋಲಿಕೆ ಪಟ್ಟಿಯಲ್ಲಿ ಆಗಲಿ, ಒಂದು ಆಯುಧದ ಅಂಕಿಗಳು ಕಣ್ಣಿಗೆ ಬಿದ್ದಾಗ ಮೂರು ಪ್ರಶ್ನೆ ಕೇಳಿ: ಇದರಲ್ಲಿ ಅಳೆದದ್ದು ಯಾವುದು, ಲೆಕ್ಕ ಹಾಕಿದ್ದು ಯಾವುದು, ಅನುಕೂಲಕ್ಕೆ ಹೊಂದಿಸಿದ್ದು ಯಾವುದು? ಮೂರಕ್ಕೂ ಉತ್ತರ ಸಿಗದಿದ್ದರೆ ಆ ಪಟ್ಟಿಯನ್ನು ಆಟಕ್ಕಷ್ಟೇ ಬಳಸಿ, ವಾದಕ್ಕೆ ಬಳಸಬೇಡಿ.